ಕೆರೆಯ ಹೂಳಿನಲ್ಲಿ ಕಾಡ್ಗಿಚ್ಚಿನ ಲೆಕ್ಕ



ಬೇಸಗೆಯಲ್ಲಿ ಕೆರೆಯ ನೀರು ಇಂಗಿದ ಮೇಲೆ ಹೂಳು ಎತ್ತಿ ಹೊಲಕ್ಕೆ ಹೇರುವ ರೂಢಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳಲ್ಲಿ ಹಳೆಯದು. ಮಸಾರಿ ಹೊಲಕ್ಕೆ ಕೆರೆಮಣ್ಣು ಬಿದ್ದರೆ ತೇವ ನಿಲ್ಲುತ್ತದೆ, ಮಳೆ ಹಿಂದಾದರೂ ಮೆಣಸಿನ ಗಿಡ ನಾಲ್ಕು ದಿನ ಹೆಚ್ಚು ತಾಳುತ್ತದೆ ಎಂಬುದು ನಾನು ನಿಮಗೆ ಹೇಳಿಕೊಡಬೇಕಾದ ಮಾತಲ್ಲ. ಆದರೆ ಹೂಳು ಕಡಿದ ಗುಂಡಿಯ ಮಗ್ಗುಲನ್ನು ಎಂದಾದರೂ ನಿಂತು ನೋಡಿದ್ದೀರಾ? ಮೇಲಿನಿಂದ ಕೆಳಗಿನವರೆಗೆ ಮಣ್ಣು ಒಂದೇ ಬಣ್ಣದ್ದಾಗಿರುವುದಿಲ್ಲ. ಬೂದು ಬಣ್ಣದ ನುಣುಪು ಮಣ್ಣು, ಅದರ ಕೆಳಗೆ ಮರಳು ಬೆರೆತ ಪದರ, ಮತ್ತೆ ನುಣುಪು ಮಣ್ಣು, ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಗೆರೆ. ಈ ಕಪ್ಪು ಗೆರೆ ಏನೆಂದು ಕೇಳಿದರೆ ಒಬ್ಬರು, "ಮೇಲಿನ ಎರೆ ಹೊಲದ ಮಣ್ಣು ಹರಿದು ಬಂದದ್ದು" ಎನ್ನುತ್ತಾರೆ. ಇನ್ನೊಬ್ಬರು, "ಎಂದೋ ಗುಡ್ಡಕ್ಕೆ ಬೆಂಕಿ ಬಿದ್ದಿತ್ತು, ಅದರ ಕರಿ ಇದು" ಎನ್ನುತ್ತಾರೆ. ಎರಡೂ ಆಗಬಹುದಾದ ಮಾತೇ. ಯಾವುದು ನಿಜವೆಂದು ಗೊತ್ತುಮಾಡುವ ವಿಧಾನವನ್ನು ಶಾಸ್ತ್ರಜ್ಞರು ಕಂಡುಹಿಡಿದಿದ್ದಾರೆ. ಅದನ್ನು ತಿಳಿದುಕೊಳ್ಳುವುದರಿಂದ ನಮಗೆ ಉಪಯೋಗವಿದೆ.

ಉಪಯೋಗ ಏನೆಂದರೆ, ಹೋಳಿ ಹುಣ್ಣಿಮೆಯಿಂದ ಮಿರಗದ ಮಳೆಯವರೆಗೆ ನಮ್ಮಲ್ಲಿ ಬೆಂಕಿಯ ಮಾತು ಬಾರದ ವರ್ಷವಿಲ್ಲ. ಗುಡ್ಡದ ಒಣಹುಲ್ಲು ಉರಿಯುತ್ತದೆ. ಗೋವಿನಜೋಳದ ಕೂಳೆ, ಮೆಣಸಿನ ಕಟ್ಟಿಗೆ, ಹತ್ತಿಯ ಕಟ್ಟಿಗೆಗಳನ್ನು ಹೊಲದಲ್ಲೇ ಸುಡುತ್ತೇವೆ. ಬೇಡವೆಂದರೆ ಬರುವ ಉತ್ತರ ಒಂದೇ: "ನಮ್ಮ ಹಿರಿಯರು ಸುಡುತ್ತಲೇ ಬಂದಿದ್ದಾರೆ, ಏನೂ ಆಗಿಲ್ಲ." ಹಿರಿಯರು ನಿಜವಾಗಿಯೂ ಪ್ರತಿ ವರ್ಷ ಸುಟ್ಟರೇ, ಹತ್ತು ವರ್ಷಕ್ಕೊಮ್ಮೆ ಸುಟ್ಟರೇ, ಸುಟ್ಟ ಮೇಲೆ ಏನಾಯಿತು ಎಂಬುದಕ್ಕೆ ಸಾಕ್ಷಿ ಯಾರು? ಮನುಷ್ಯನ ನೆನಪು ನಾಲ್ಕು ತಲೆಮಾರಿಗೆ ಮುಗಿಯುತ್ತದೆ. ನಮ್ಮ ಭಾಗದಲ್ಲಿ ಇಂದಿಗೂ ಹೆಸರು ಹೇಳುವ ಡೋಗಿ ಬರ ಬಂದದ್ದು 1791-92ರಲ್ಲಿ. ಧಾತು ಸಂವತ್ಸರದ ಬರ 1876ರಲ್ಲಿ. ಇವೆರಡೂ ಹೆಸರಿನಲ್ಲಿ ಉಳಿದವು. ಅದಕ್ಕಿಂತ ಹಿಂದಿನದು ಬೇಕಾದರೆ ಶಾಸನಗಳಿವೆ. ಆದರೆ ಶಾಸನದಲ್ಲಿ ದಾನ ಕೊಟ್ಟದ್ದು, ಕೆರೆ ಕಟ್ಟಿಸಿದ್ದು, ಕಾದಾಡಿ ಸತ್ತದ್ದು ಇರುತ್ತದೆಯೇ ಹೊರತು ಗುಡ್ಡಕ್ಕೆ ಬಿದ್ದ ಬೆಂಕಿಯನ್ನು ಯಾರೂ ಕಲ್ಲಿನಲ್ಲಿ ಕೊರೆಸಲಿಲ್ಲ. ಅದನ್ನು ಇಟ್ಟುಕೊಂಡಿರುವುದು ನೀರಿನ ತಳದ ಮಣ್ಣು ಮಾತ್ರ.

ಅದು ಹೇಗೆಂದು ನೋಡೋಣ. ಬೆಂಕಿ ಬಿದ್ದಾಗ ಬೂದಿ ಮತ್ತು ಇದ್ದಲು ಎರಡೂ ಆಗುತ್ತವೆ. ಬೂದಿಯಲ್ಲಿ ಒಂದಷ್ಟು ಮಳೆನೀರಿನಲ್ಲಿ ಕರಗಿ ಹೋಗುತ್ತದೆ. ಇದ್ದಲು ಕರಗುವುದಿಲ್ಲ, ಸುಲಭವಾಗಿ ಕೊಳೆಯುವುದೂ ಇಲ್ಲ. ಬೇಲಿಗೂಟದ ಬುಡವನ್ನು ಸುಟ್ಟು ಕರಿಮಾಡಿ ಹುಗಿಯುವವರು ಇದನ್ನು ಬಲ್ಲರು. ಗುಡ್ಡದ ಮೇಲೆ ಉಳಿದ ಇದ್ದಲಿನ ಚೂರುಗಳನ್ನು ಮೊದಲ ದೊಡ್ಡ ಮಳೆ ಹಳ್ಳಕ್ಕೆ ತಳ್ಳುತ್ತದೆ, ಹಳ್ಳ ಕೆರೆಗೆ ತರುತ್ತದೆ. ನೀರು ನಿಂತಮೇಲೆ ಚೂರುಗಳು ತಳಕ್ಕೆ ಇಳಿಯುತ್ತವೆ. ಅವುಗಳ ಮೇಲೆ ಮುಂದಿನ ವರ್ಷದ ಹೂಳು ಕೂರುತ್ತದೆ. ಹೀಗೆ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ಕ್ರಮದಲ್ಲಿ ವರ್ಷಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ.

ಈ ಕ್ರಮ ಕೆಡದಂತೆ ಮಣ್ಣನ್ನು ಹೊರತೆಗೆಯುವುದೇ ಮೊದಲ ಕೆಲಸ. ಪೇಟೆಯಲ್ಲಿ ದಲಾಲರು ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಳಗಿನ ಕಾಳಿನ ಮಾದರಿ ತೆಗೆಯುವುದನ್ನು ನೋಡಿದ್ದೀರಲ್ಲ, ಇದೂ ಅದೇ ತಂತ್ರ. ಉದ್ದನೆಯ ಕೊಳವೆಯನ್ನು ಕೆರೆಯ ತಳಕ್ಕೆ ನೇರವಾಗಿ ಒತ್ತಿ ಇಳಿಸುತ್ತಾರೆ. ಕೊಳವೆ ಮೇಲೆ ಬಂದಾಗ ಅದರೊಳಗೆ ಮಣ್ಣಿನ ಒಂದು ಕಂಬ ಇರುತ್ತದೆ. ಅದನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಂದು ಹೋಳನ್ನು ಕಾದಿಟ್ಟು, ಇನ್ನೊಂದನ್ನು ಒಂದೊಂದು ಸೆಂಟಿಮೀಟರಿನ ಬಿಲ್ಲೆಗಳಾಗಿ ಕತ್ತರಿಸಿ ಪ್ರತಿಯೊಂದಕ್ಕೂ ಅಂಕೆ ಹಾಕುತ್ತಾರೆ. ಒಂದು ಬಿಲ್ಲೆ ಒಂದೇ ವರ್ಷದ್ದಿರಬಹುದು, ಹತ್ತಾರು ವರ್ಷದ್ದೂ ಇರಬಹುದು. ಅದು ಕೆರೆಗೆ ಎಷ್ಟು ಹೂಳು ಬರುತ್ತದೆ ಎಂಬುದರ ಮೇಲೆ ಹೋಗುತ್ತದೆ.

ಪ್ರತಿ ಬಿಲ್ಲೆಯಿಂದ ಅಳತೆ ಮಾಡಿದ ಮಣ್ಣನ್ನು ತೆಗೆದು, ನೀರಿನಲ್ಲಿ ಬಿಡಿಸಿ, ಎಲೆ ಬೇರುಗಳ ಕಪ್ಪು ಹೋಗುವಂತೆ ಔಷಧದಿಂದ ಬಿಳುಪು ಮಾಡಿ, ಬಹು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆಯುತ್ತಾರೆ. ಉಳಿದ ಇದ್ದಲಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸುತ್ತಾರೆ. ಬೇಸರದ ಕೆಲಸ, ಆದರೆ ಫಲ ದೊಡ್ಡದು. ಮಿಲಿಮೀಟರಿನ ಎಂಟನೆಯ ಒಂದು ಭಾಗಕ್ಕಿಂತ ದೊಡ್ಡ ಚೂರುಗಳು ಸಾಮಾನ್ಯವಾಗಿ ಬಹುದೂರ ಹಾರುವುದಿಲ್ಲ. ಅವು ಹೆಚ್ಚಾಗಿದ್ದರೆ ಕೆರೆಯ ಸುತ್ತಲೇ ಬೆಂಕಿ ಬಿದ್ದಿತ್ತೆಂದು ತಿಳಿಯಬೇಕು. ಕಣ್ಣಿಗೆ ಕಾಣದ ನುಣುಪು ಕಣಗಳು ಗಾಳಿಯಲ್ಲಿ ಬಲು ದೂರದಿಂದಲೂ ಬರುತ್ತವೆ. ಚೂರಿನ ಆಕಾರವೂ ಮಾತನಾಡುತ್ತದೆ. ಹುಲ್ಲು, ದಂಟು ಸುಟ್ಟ ಕರಿ ಉದ್ದವಾಗಿ, ಸಣ್ಣ ಕಡ್ಡಿಯಂತಿರುತ್ತದೆ. ಕಟ್ಟಿಗೆ ಸುಟ್ಟ ಕರಿ ಗಿಡ್ಡವಾಗಿ, ದಪ್ಪವಾಗಿ, ಒಳಗೆ ತೂತುತೂತಾಗಿರುತ್ತದೆ. ಹೀಗಾಗಿ ಉರಿದದ್ದು ಹುಲ್ಲುಗಾವಲೋ ಕಾಡೋ ಎಂಬುದನ್ನು ಬಹುಮಟ್ಟಿಗೆ ಹೇಳಬಹುದು.

ಇಲ್ಲಿ ಒಂದು ಎಚ್ಚರಿಕೆ. ಕಪ್ಪಾಗಿರುವುದೆಲ್ಲ ಇದ್ದಲಲ್ಲ. ನಮ್ಮ ಎರೆ ಮಣ್ಣು ಕಪ್ಪಾಗಿರುವುದು ಬೆಂಕಿಯಿಂದಲ್ಲ. ಅದರ ನುಣುಪು ಜೇಡಿಗೆ ಸಸ್ಯದ ಅಂಶ ಗಟ್ಟಿಯಾಗಿ ಹತ್ತಿಕೊಂಡಿರುವುದರಿಂದ. ಪರೀಕ್ಷೆ ಸುಲಭ. ಕಪ್ಪು ಗೆರೆಯ ಮಣ್ಣನ್ನು ಒಣಗಿಸಿ ಒಂದು ಬೋಗುಣಿ ನೀರಿನಲ್ಲಿ ನಿಧಾನವಾಗಿ ಕದಡಿರಿ. ಒಣಗಿದ ಇದ್ದಲಿನ ಚೂರುಗಳು ಮೇಲೆ ತೇಲಿ ಬರುತ್ತವೆ. ಬೆರಳಿನಲ್ಲಿ ಒತ್ತಿದರೆ ಪುಡಿಯಾಗಿ ಕಾಗದದ ಮೇಲೆ ಕರಿ ಗೀಟು ಬೀಳುತ್ತದೆ. ಎರೆ ಮಣ್ಣಾದರೆ ತಳದಲ್ಲಿ ಕೂತು ಅಂಟಾಗುತ್ತದೆ.

ಇದ್ದಲು ಸಿಕ್ಕಿತು, ಆದರೆ ಅದು ಎಷ್ಟು ಹಳೆಯದು? ಬದುಕಿರುವ ಗಿಡ ಗಾಳಿಯಿಂದ ಇಂಗಾಲವನ್ನು ಹೀರುತ್ತದೆ. ಅದರಲ್ಲಿ ಇಂಗಾಲ-14 ಎಂಬ ಒಂದು ಬಗೆ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಗಿಡ ಸತ್ತ ದಿನದಿಂದ ಅದು ಕ್ಷಯಿಸುತ್ತ ಹೋಗಿ 5,730 ವರ್ಷಕ್ಕೆ ಅರ್ಧವಾಗುತ್ತದೆ. ಉಳಿದದ್ದನ್ನು ಅಳೆದರೆ ವಯಸ್ಸು ತಿಳಿಯುತ್ತದೆ. ಅಮೆರಿಕದ ವಿಲ್ಲರ್ಡ್ ಲಿಬ್ಬಿ ಎಂಬವರು 1949ರ ಹೊತ್ತಿಗೆ ಈ ವಿಧಾನವನ್ನು ಸಿದ್ಧಪಡಿಸಿದರು. 1960ರಲ್ಲಿ ಅದಕ್ಕಾಗಿ ನೊಬೆಲ್ ಬಹುಮಾನ ಪಡೆದರು. ಆದರೆ ಒಂದು ತೊಡಕಿದೆ. ಇನ್ನೂರು ವರ್ಷದ ಮರದ ತಿರುಳು ನಿನ್ನೆ ಸುಟ್ಟರೂ ಇನ್ನೂರು ವರ್ಷ ಹಳೆಯದಾಗಿಯೇ ತೋರುತ್ತದೆ. ಅದಕ್ಕೇ ಸಣ್ಣ ಟೊಂಗೆ, ಬೀಜ, ಹುಲ್ಲಿನ ಕರಿಯನ್ನು ಆರಿಸಿಕೊಳ್ಳುವುದು ಮೇಲು. ಇತ್ತೀಚಿನ ಪದರಗಳಿಗೆ ಬೇರೆ ಗುರುತಿದೆ. ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಅಣುಬಾಂಬು ಸಿಡಿಸಿ ನೋಡುತ್ತಿದ್ದ ಕಾಲದಲ್ಲಿ ಸೀಸಿಯಂ ಎಂಬ ವಸ್ತು ಮಳೆಯೊಡನೆ ಲೋಕದ ಎಲ್ಲ ಕಡೆ ಬಿತ್ತು. ಅದು ಅತಿ ಹೆಚ್ಚು ಬಿದ್ದ ವರ್ಷ 1963. ಕಲಕದ ಹೂಳಿನಲ್ಲಿ ಆ ಪದರ ಎದ್ದು ಕಾಣುತ್ತದೆ. ಯಾರ ಜಗಳವೋ, ನಮ್ಮ ಕೆರೆಯಲ್ಲಿ ಅದರ ಗುರುತು!

ಇದ್ದಲಿನ ಜೊತೆಗೆ ಹೂಳಿನಲ್ಲಿ ಹೂವಿನ ಪರಾಗವೂ ಸಿಕ್ಕುತ್ತದೆ. ಒಂದೊಂದು ಕುಲದ ಗಿಡದ ಪರಾಗಕ್ಕೆ ಒಂದೊಂದು ಆಕಾರ. ಅದನ್ನು ಎಣಿಸಿ ಮರ ಹೆಚ್ಚಿತ್ತೋ ಹುಲ್ಲು ಹೆಚ್ಚಿತ್ತೋ ತಿಳಿಯುತ್ತಾರೆ. ಸ್ವೀಡನ್ ದೇಶದ ಲೆನಾರ್ಟ್ ವಾನ್ ಪೋಸ್ಟ್ 1916ರಲ್ಲಿ ಈ ಎಣಿಕೆಯನ್ನು ತೋರಿಸಿದರು. 1941ರಲ್ಲಿ ಡೆನ್ಮಾರ್ಕಿನ ಇವರ್ಸನ್ ಎಂಬವರು ಹಳೆಯ ಜೌಗಿನ ಮಣ್ಣಿನಲ್ಲಿ ಇದ್ದಲಿನ ಪದರವನ್ನು ಕಂಡರು. ಅಲ್ಲಿಂದ ಮೇಲೆ ಮರದ ಪರಾಗ ಇಳಿದು ಹುಲ್ಲು ಮತ್ತು ಬೆಳೆಯ ಪರಾಗ ಏರಿತ್ತು. ಕಾಡು ಕಡಿದು ಸುಟ್ಟು ಬಿತ್ತುವ ರೈತರು ಆ ನಾಡಿಗೆ ಬಂದ ಗುರುತು ಇದೆಂದು ಅವರು ಹೇಳಿದರು. ನಮ್ಮ ಮಲೆನಾಡಿನ ಕುಮರಿ ಬೇಸಾಯದಂಥದೇ.

ನಮ್ಮ ಕೆರೆಗಳಲ್ಲಿಯೂ ಪರಾಗದ ಗುರುತುಗಳಿವೆ. ಗೋವಿನಜೋಳ ಅಮೆರಿಕ ಖಂಡದ ಬೆಳೆ. ಪೋರ್ತುಗೀಜರು ಬಂದ ಮೇಲೆ ನಮ್ಮ ಕಡೆ ಹರಡಿದ್ದು. ಅದರ ಪರಾಗ ಇತರ ಹುಲ್ಲುಗಳದಕ್ಕಿಂತ ದೊಡ್ಡದು, ಗುರುತಿಸಲು ಸುಲಭ. ಅದು ಕಂಡ ಪದರ ಸುಮಾರು ಐದುನೂರು ವರ್ಷದ ಈಚಿನದೆಂದು ಹೇಳಬಹುದು. ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿ ಕೂಡ ಅಮೆರಿಕದಿಂದಲೇ ಬಂದದ್ದು, ಆದರೆ ಅದರ ಪರಾಗ ಗಾಳಿಗೆ ಹೆಚ್ಚು ಹಾರುವುದಿಲ್ಲವಾದ್ದರಿಂದ ಹೂಳಿನಲ್ಲಿ ಸಿಕ್ಕುವುದು ಅಪರೂಪ. ನೀಲಗಿರಿ ಮರ ಆಸ್ಟ್ರೇಲಿಯದ್ದು. 1974ರಲ್ಲಿ ಕೃಷ್ಣಮೃಗಗಳಿಗಾಗಿ ರಾಣೆಬೆನ್ನೂರಿನಲ್ಲಿ ಮಾಡಿದ ಅಭಯಾರಣ್ಯದಲ್ಲಿ ಅದರ ನೆಡುತೋಪುಗಳಿವೆ. ಅದರ ಮೂರು ಮೂಲೆಯ ಪರಾಗ ಹೂಳಿನಲ್ಲಿ ಯಾವ ಆಳದಿಂದ ಮೇಲೆ ಹೆಚ್ಚಾಗುತ್ತದೆಯೋ ಅಲ್ಲಿಂದ ಈಚೆ ನೆಡುತೋಪಿನ ಕಾಲ. ನಮ್ಮ ನೇರಳೆ ಮರವೂ ಅದೇ ಕುಲದ್ದಾದುದರಿಂದ ಎರಡನ್ನೂ ಬೇರೆ ಮಾಡಲು ನುರಿತ ಕಣ್ಣು ಬೇಕು.

ಈಗ ನಮ್ಮ ನಾಡಿನಲ್ಲಿ ಆದ ಕೆಲಸಕ್ಕೆ ಬರೋಣ. ರಾಣೆಬೆನ್ನೂರಿನಿಂದ ಹೆದ್ದಾರಿ ಹಿಡಿದು ದಾವಣಗೆರೆ ದಾಟಿದರೆ ಚಿತ್ರದುರ್ಗ. ಅಲ್ಲಿ ತಿಮ್ಮಣ್ಣನಾಯಕನ ಕೆರೆ ಇದೆ. ಮಂಗಳೂರು ವಿಶ್ವವಿದ್ಯಾಲಯದ ಆರ್. ಶಂಕರ್ ಮತ್ತು ಅವರ ಜೊತೆಗಾರರು ಆ ಕೆರೆಯ ಹೂಳನ್ನು ಪರೀಕ್ಷಿಸಿ, ಹಿಂದಿನ 3,700 ವರ್ಷಗಳ ಮುಂಗಾರಿನ ಏರಿಳಿತವನ್ನು ಗುರುತಿಸಿ 2006ರಲ್ಲಿ ಪ್ರಕಟಿಸಿದರು. ತಿಮ್ಮಣ್ಣನಾಯಕ 16ನೆಯ ಶತಮಾನದವನು. ಕೆರೆಯ ಹೂಳು ಅವನಿಗಿಂತ ಮೂರು ಸಾವಿರ ವರ್ಷಕ್ಕೂ ಹಳೆಯದು! ಹೆಸರು ನಾಯಕನದಾದರೂ ಆ ತಗ್ಗಿನಲ್ಲಿ ಮಣ್ಣು ಬಂದು ಕೂರುತ್ತಿದ್ದುದು ಅವನ ಅಜ್ಜ ಮುತ್ತಜ್ಜರಿಗೂ ಬಹು ಹಿಂದಿನಿಂದ.

ಅವರು ಮುಖ್ಯವಾಗಿ ಅಳೆದದ್ದು ಮಣ್ಣಿನ ಅಯಸ್ಕಾಂತ ಗುಣ. ಮೇಲ್ಮಣ್ಣಿನಲ್ಲಿ ಕಬ್ಬಿಣದ ಅಂಶದ ಸಣ್ಣ ಕಣಗಳಿರುತ್ತವೆ. ಮಳೆ ಚೆನ್ನಾಗಿ ಆದ ಕಾಲದಲ್ಲಿ ಅಂಥ ಕಣಗಳು ಮಣ್ಣಿನಲ್ಲಿ ಹೆಚ್ಚು ಹುಟ್ಟುತ್ತವೆ, ಹೆಚ್ಚು ಕೊಚ್ಚಿ ಕೆರೆಗೂ ಬರುತ್ತವೆ. ಮಳೆ ಕಡಮೆಯಾದ ಕಾಲದಲ್ಲಿ ಎರಡೂ ಕಡಮೆ. ಹೀಗೆ ಪದರ ಪದರವಾಗಿ ಅಳೆದರೆ ಮಳೆಯ ಏರಿಳಿತ ಕಾಣುತ್ತದೆ. ಮಾಡಿ ನೋಡಬೇಕೆನ್ನುವವರು ಹಳೆಯ ರೇಡಿಯೋದ ಧ್ವನಿವರ್ಧಕದಲ್ಲಿರುವ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ, ಒಣ ಮಸಾರಿ ಮಣ್ಣಿನಲ್ಲಿ ಆಡಿಸಲಿ. ಕಪ್ಪು ಕಣಗಳು ಹತ್ತಿಕೊಳ್ಳುತ್ತವೆ. ಬಳಿಕ ಹಳೆಯ ಒಲೆಯ ತಳದ ಮಣ್ಣಿನಲ್ಲಿ ಆಡಿಸಿದರೆ ಸಾಮಾನ್ಯವಾಗಿ ಇನ್ನೂ ಹೆಚ್ಚು ಹತ್ತುತ್ತವೆ, ಏಕೆಂದರೆ ಬೆಂಕಿಯೂ ಮಣ್ಣಿನ ಕಬ್ಬಿಣವನ್ನು ಅಯಸ್ಕಾಂತಕ್ಕೆ ಒಲಿಯುವಂತೆ ಮಾಡುತ್ತದೆ. ಆದ್ದರಿಂದಲೇ ಅಯಸ್ಕಾಂತದ ಲೆಕ್ಕವನ್ನು ಒಂಟಿಯಾಗಿ ನಂಬಬಾರದು. ಇದ್ದಲಿನ ಎಣಿಕೆಯೊಡನೆ ತಾಳೆ ನೋಡಿದರೆ ಮಾತ್ರ ಮಳೆಯ ಪಾಲೆಷ್ಟು, ಬೆಂಕಿಯ ಪಾಲೆಷ್ಟು ಎಂಬುದು ಬೇರೆಯಾಗುತ್ತದೆ.

ಕಾರವಾರದ ಎದುರಿನ ಕಡಲತಳದಿಂದಲೂ ಇಂಥ ಮಣ್ಣಿನ ಕಂಬಗಳನ್ನು ತೆಗೆದಿದ್ದಾರೆ. ಘಟ್ಟದ ಹೊಳೆಗಳು ಹೊತ್ತು ತಂದ ಮಣ್ಣು, ಪರಾಗ ಅಲ್ಲಿ ಕೂಡಿದೆ. ಪುದುಚೇರಿಯ ಫ್ರೆಂಚ್ ಸಂಸ್ಥೆಯವರೂ ಸೇರಿ ಮಾಡಿದ ಈ ಪರೀಕ್ಷೆ 1994ರಲ್ಲಿ ಪ್ರಕಟವಾಯಿತು. ಸುಮಾರು 3,500 ವರ್ಷಗಳ ಹಿಂದಿನಿಂದ ಈಚೆಗೆ ಈ ಭಾಗದ ಹವೆ ಮೊದಲಿಗಿಂತ ಒಣಗಿತು ಎಂಬುದು ಅದರ ಸಾರ.

ಆ ಕಾಲದಲ್ಲಿ ನಮ್ಮ ಜಿಲ್ಲೆಯ ನೆಲದಲ್ಲಿಯೇ ಬೇಸಾಯ ಮಾಡುವ ಜನರಿದ್ದರು. ಹಿರೇಕೆರೂರು ಸೀಮೆಯಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಅಗೆತ ನಡೆಸಿ ಆ ಜನರ ವಸತಿಯನ್ನು ಬೆಳಕಿಗೆ ತಂದರು. ಮುಂದೆ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಅಲ್ಲಿನ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಕರಕಲು ಕಾಳುಗಳನ್ನು ಆರಿಸಿದರು. ನಾನು ಮೇಲೆ ಹೇಳಿದ ಬೋಗುಣಿಯ ಪರೀಕ್ಷೆ ಅವರದೇ ದಾರಿ. ಸಿಕ್ಕಿದವು ಹುರುಳಿ, ಹೆಸರು, ಕೊರಲೆ: ಕಡಮೆ ನೀರಿನಲ್ಲಿ ಬರುವ ಬೆಳೆಗಳೇ. ಮಳೆ ಕಡಮೆಯಾದ ಕಾಲದಲ್ಲಿ ಅಂಥ ಕಾಳಿನ ಆಸರೆ ಎಷ್ಟಿದ್ದಿರಬೇಕೆಂಬುದನ್ನು ನೀವೇ ಊಹಿಸಬಲ್ಲಿರಿ. ಒಲೆಯಲ್ಲಿ ಸೀದುಹೋಗಿ ಮನೆಯಾಕೆ ಬೈಸಿಕೊಂಡಿರಬಹುದಾದ ಹಿಡಿ ಹುರುಳಿ ಸಾವಿರಾರು ವರ್ಷ ಉಳಿದು ಬಂದಿದೆ.

ಇನ್ನು ಕೊಡಗು. ಅಲ್ಲಿನ ಕಾಡು ಮತ್ತು ದೇವರಕಾಡುಗಳ ನಡುವಿನ ಜೌಗು ಮಣ್ಣಿನಲ್ಲಿ ಇದ್ದಲು, ಪರಾಗ ಎರಡನ್ನೂ ಎಣಿಸಿ ಶೋನಿಲ್ ಭಾಗವತ್, ಸಾಂಡ್ರಾ ನೋಗೆ, ಕ್ಯಾಥಿ ವಿಲ್ಲಿಸ್ ಎಂಬ ಮೂವರು 7,500 ವರ್ಷಗಳ ಕಥೆಯನ್ನು 2012ರಲ್ಲಿ ಪ್ರಕಟಿಸಿದರು. ಮಳೆ ಇಳಿದ ಕಾಲಗಳು ಬಂದಿವೆ, ಬೆಂಕಿ ಬಿದ್ದಿದೆ, ಮನುಷ್ಯನ ಕೊಡಲಿಯೂ ಬಿದ್ದಿದೆ. ಆದರೂ ಕಾಡು ಚೇತರಿಸಿಕೊಂಡಿದೆ. ಸುತ್ತಲಿನ ನೆಲದಲ್ಲಿ ಮರಗಳ ಹೊದಿಕೆ ಉಳಿದಿದ್ದುದು ಇದಕ್ಕೆ ದೊಡ್ಡ ಆಸರೆ. ಎರಡು ವರ್ಷದ ಬಳಿಕ ಅವರೇ ಇನ್ನೊಂದು ಸಂಗತಿ ತೋರಿಸಿದರು: ದೇವರಕಾಡೆಂದರೆ ಆದಿಕಾಲದಿಂದ ಕೈಮುಟ್ಟದೆ ಉಳಿದದ್ದೇ ಆಗಬೇಕಿಲ್ಲ, ಒಮ್ಮೆ ಬಯಲಾಗಿದ್ದ ನೆಲದಲ್ಲಿ ಜನರು ಕಾಪಾಡಿದ್ದರಿಂದ ಮತ್ತೆ ಮರ ಬೆಳೆದದ್ದೂ ಉಂಟು. ನನಗೆ ಈ ಎಲ್ಲ ಸಂಶೋಧನೆಗಳಲ್ಲಿ ಅತ್ಯಂತ ಹಿಡಿಸಿದ್ದು ಇದೇ.

ಹಾಗಾದರೆ "ಹಿರಿಯರು ಸುಡುತ್ತಿದ್ದರು" ಎಂಬ ಮಾತು ಸುಳ್ಳೇ? ಸುಳ್ಳಲ್ಲ. ಬೆಂಕಿ ನಮ್ಮ ನೆಲಕ್ಕೆ ಹೊಸದಲ್ಲವೆಂದು ಮಣ್ಣೂ ಹೇಳುತ್ತದೆ. ಆದರೆ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ಕಪ್ಪು ಗೆರೆಯ ಮೇಲೆ ಏನು ಕೂತಿದೆ ಎಂಬುದನ್ನು ನೋಡಬೇಕು. ಮೊದಲಿನಂಥದೇ ನುಣುಪು ಹೂಳು ಕೂತಿದ್ದರೆ ಬೆಂಕಿ ಹಗುರವಾಗಿತ್ತು, ಹುಲ್ಲಿನ ಬೇರು ಉಳಿದು ನೆಲವನ್ನು ಹಿಡಿದುಕೊಂಡಿತು ಎಂದರ್ಥ. ಕಪ್ಪು ಗೆರೆಯ ಮೇಲೆ ಗೇಣುದ್ದ ಮರಳು, ಗೊರಚು ಬಂದು ಬಿದ್ದಿದ್ದರೆ ಸುಟ್ಟು ಬೋಳಾದ ಇಳಿಜಾರನ್ನು ಮಳೆ ಕಿತ್ತು ತಂದಿದೆ. ಗುಡ್ಡದ ಮೇಲ್ಮಣ್ಣು ಹೋಯಿತು, ಕೆರೆಯಲ್ಲಿ ಅಷ್ಟು ನೀರಿನ ಜಾಗವೂ ಹೋಯಿತು. ಕಪ್ಪು ಗೆರೆಗಳ ನಡುವಿನ ಅಂತರವೂ ಅಷ್ಟೇ ಮುಖ್ಯ. ದೂರ ದೂರವಿದ್ದರೆ ಗಿಡಗಳಿಗೆ ಚಿಗುರಿ ಬೀಜ ಉದುರಿಸಲು ಸಮಯ ಸಿಕ್ಕಿತ್ತು. ಒತ್ತೊತ್ತಾಗಿದ್ದರೆ ಸಿಕ್ಕಿರಲಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 10,000 ಎಕರೆಗೂ ಮಿಕ್ಕಿ ಕಾಡು ಉರಿದದ್ದನ್ನು ನೀವು ಕೇಳಿದ್ದೀರಿ. ಅಂಥದು ಒಮ್ಮೆ ಆಗುವುದಕ್ಕೂ ಪ್ರತಿ ಬೇಸಗೆ ಆಗುವುದಕ್ಕೂ ಬಹಳ ಅಂತರವಿದೆ. ಸಮತಟ್ಟಿನ ಹುಲ್ಲುಗಾವಲು ಒಮ್ಮೆ ಸುಟ್ಟರೆ ಅಷ್ಟು ಕೆಡುಕಾಗಲಾರದು. ಆದರೆ ಇಳಿಜಾರನ್ನು ಸುಟ್ಟು, ಚಿಗುರು ಬಂದೊಡನೆ ಕುರಿ ದನ ಬಿಟ್ಟು, ಮರುವರ್ಷ ಮತ್ತೆ ಸುಡುವುದು ಕೆರೆಗೆ ನಾವೇ ಹೂಳು ತುಂಬಿದಂತೆ ಎಂಬುದು ನನ್ನ ಅಭಿಪ್ರಾಯ. ಹೊಲದ ಕೂಳೆ, ಕಟ್ಟಿಗೆಯ ವಿಷಯವಾದರೆ ಹೇಳುವುದೇ ಬೇಡ. ಅವನ್ನು ಕತ್ತರಿಸಿ ತಿಪ್ಪೆಗುಂಡಿಗೆ ಹಾಕಿದರೆ ಗೊಬ್ಬರ. ಸುಟ್ಟರೆ ಸಾರಜನಕವೆಲ್ಲ ಹೊಗೆಯ ಪಾಲು.

ನಮ್ಮ ಕೆರೆಗಳ ಹೂಳು ಓದಲು ಎಲ್ಲೆಲ್ಲೂ ಅನುಕೂಲವಲ್ಲ ಎಂಬುದನ್ನೂ ಹೇಳಬೇಕು. ಬೇಸಗೆಯಲ್ಲಿ ಒಣಗಿ ಮೊಳದುದ್ದ ಬಿರುಕು ಬಿಡುವ ಎರೆ ಮಣ್ಣಿನಲ್ಲಿ ಮೇಲಿನ ಮಣ್ಣು ಬಿರುಕಿನೊಳಗೆ ಬಿದ್ದು ಕ್ರಮ ಕೆಡುತ್ತದೆ. ಎಮ್ಮೆಗಳು ಹೊರಳುವ ಅಂಚಿನಲ್ಲೂ ಹಾಗೆಯೇ. ಒಣಗಿದ ಮಣ್ಣಿನಲ್ಲಿ ಪರಾಗ ಕೊಳೆತುಹೋಗುತ್ತದೆ, ಇದ್ದಲು ಮಾತ್ರ ಉಳಿಯುತ್ತದೆ. ಹಾವೇರಿಯ ಹೆಗ್ಗೇರಿಯಂಥ ದೊಡ್ಡ ಕೆರೆಯಾಗಲಿ, ನಿಮ್ಮೂರಿನ ಸಣ್ಣ ಕೆರೆಯಾಗಲಿ, ನೀರು ಕಡೆಗೆ ಬತ್ತುವ ಆಳದ ಜಾಗದ ಹೂಳೇ ಓದಲು ಉತ್ತಮ.

ಆದರೆ ಜೆಸಿಬಿ ಮೊದಲು ಇಳಿಯುವುದೂ ಅಲ್ಲಿಗೇ. ಹಿಂದೆ ಗುದ್ದಲಿ ಬುಟ್ಟಿಯಿಂದ ಹೂಳು ತೆಗೆಯುವಾಗ ಎಲ್ಲೋ ಒಂದು ಮೂಲೆ ಉಳಿಯುತ್ತಿತ್ತು. ಈಗ ಯಂತ್ರ ನಾಲ್ಕು ದಿನದಲ್ಲಿ ತಳದ ಗಟ್ಟಿ ನೆಲದವರೆಗೆ ಬಾಚುತ್ತದೆ. ಹೂಳೆತ್ತಬೇಡಿ ಎಂದು ನಾನು ಹೇಳುವುದಿಲ್ಲ. ಕೆರೆಗೆ ನೀರು ಬೇಕು, ಹೊಲಕ್ಕೆ ಮಣ್ಣು ಬೇಕು. ಕೆಲಸ ಪ್ರಾರಂಭಿಸುವ ಮೊದಲು ಗ್ರಾಮ ಪಂಚಾಯತಿಯಲ್ಲಿ ಮಾತಾಡಿ, ಆಳದ ಕಡೆ ಎರಡು ಮಾರು ಉದ್ದ ಎರಡು ಮಾರು ಅಗಲದ ಒಂದು ದಿಬ್ಬವನ್ನು ಕಡಿಯದೆ ಬಿಡಿಸಿರಿ. ನಾಲ್ಕು ಮೂಲೆಗೆ ಕಲ್ಲು ನೆಟ್ಟರೆ ಸಾಕು. ಅದರಿಂದ ನೀರಿನ ಲೆಕ್ಕದಲ್ಲಿ ಆಗುವ ನಷ್ಟ ಏನೂ ಅಲ್ಲ.

ಕಡಿದ ಮಗ್ಗುಲಿನಲ್ಲಿ ಕಪ್ಪು ಗೆರೆ ಕಂಡರೆ ಮೊದಲು ಮೇಲಿನಿಂದ ಅದರವರೆಗೆ ಅಳತೆ ಹಿಡಿದು ಬರೆದುಕೊಳ್ಳಿರಿ. ಮೊಬೈಲಿನಲ್ಲಿ ಚಿತ್ರ ತೆಗೆಯುವುದಾದರೆ ಪಕ್ಕದಲ್ಲಿ ಒಂದು ಅಳತೆಯ ಪಟ್ಟಿ ನಿಲ್ಲಿಸಿರಿ. ಗೆರೆಯ ಮಣ್ಣನ್ನು ತೊಳೆದ ಚಾಕುವಿನಿಂದ ಕೆರೆದು ಹೊಸ ಪ್ಲಾಸ್ಟಿಕ್ ಚೀಲಕ್ಕೆ ಹಾಕಿರಿ. ಕೈಯಲ್ಲಿ ಮುಟ್ಟಬೇಡಿ, ಹತ್ತಿರ ಬೀಡಿ ಸೇದಬೇಡಿ. ಇಂದಿನ ಬೂದಿ ಬೆರೆತರೆ ಲೆಕ್ಕ ಕೆಡುತ್ತದೆ. ಚೀಲದ ಮೇಲೆ ಊರು, ಕೆರೆ, ಆಳ, ತಾರೀಖು ಬರೆದು ನೆರಳಿನಲ್ಲಿಡಿರಿ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೊಲದ ಮಣ್ಣು ಪರೀಕ್ಷೆಗೆ ಹೋಗುವಾಗ ಅದನ್ನೂ ಒಯ್ದು ತೋರಿಸಿರಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂಗರ್ಭಶಾಸ್ತ್ರ ವಿಭಾಗಕ್ಕೂ ಪತ್ರ ಬರೆಯಬಹುದು. ಒಂದು ಹೋಳನ್ನು ಮಾತ್ರ ಊರ ಶಾಲೆಯಲ್ಲಿ ಉಳಿಸಿಕೊಳ್ಳಿರಿ.